ಆಲೂಗಡ್ಡೆ ಸಲಾಡಿಗೆ ಯಾವ ಹುಳಿ?

ಎಲ್ಲರಿಗೂ ಶರಣು. ಮೇ ತಿಂಗಳು, ಕಲಬುರಗಿಯ ಬಿಸಿಲು, ಆದರೂ ಇಷ್ಟು ಜನ ಬಂದು ಕೂತಿದ್ದೀರಿ. ಅರ್ಧ ಜನ ಕೂಲರ್ ಗಾಳಿಗೆ ಬಂದವರು ಅಂತ ನನಗೆ ಗೊತ್ತು. ಪರವಾಗಿಲ್ಲ.

ಆಲೂಗಡ್ಡೆ ಸಲಾಡ್ ಬಗ್ಗೆ ಮಾತಾಡುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಕಡೆ ಸಲಾಡ್ ಅಂದರೆ ಸೌತೆಕಾಯಿ, ಗಜ್ಜರಿ, ಉಳ್ಳಾಗಡ್ಡಿ ಹೆಚ್ಚಿ ರೊಟ್ಟಿ ಪಕ್ಕ ಇಡುವುದು. ಬೇಯಿಸಿದ ಆಲೂಗಡ್ಡೆ ಪಲ್ಯ ಆಗುತ್ತೆ, ಬೋಂಡಾ ಆಗುತ್ತೆ. ಸಲಾಡ್ ಹೇಗಾಗುತ್ತೆ? ನ್ಯಾಯವಾದ ಪ್ರಶ್ನೆಯೇ.

ನಾನು ಈ ವಿಷಯಕ್ಕೆ ಬಿದ್ದದ್ದು ಒಂದು ಅವಮಾನದಿಂದ. ಕೆಲವು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಒಂದು ನಿಶ್ಚಿತಾರ್ಥ. ಆಗಲೂ ಮೇ ತಿಂಗಳೇ. ಫೋನಿನಲ್ಲಿ ನೋಡಿ ಎಂಟು ಕಿಲೋ ಆಲೂಗಡ್ಡೆ ಬೇಯಿಸಿದೆ. ಅವಸರದಲ್ಲಿ ಹೊಗೆ ಆಡುತ್ತಿದ್ದ ಹಾಗೆಯೇ ಬಾಟಲಿ ಮಯೊನೀಸ್ ಸುರಿದು ಕಲಸಿದೆ. ಹತ್ತು ನಿಮಿಷದಲ್ಲಿ ಎಣ್ಣೆ ಬೇರೆ, ಗಡ್ಡೆ ಬೇರೆ. ನಮ್ಮ ಅತ್ತೆ ಪಾತ್ರೆಗೆ ಬಗ್ಗಿ ನೋಡಿ, "ಇದೇನವಾ, ಆಲೂಗಡ್ಡಿಗಿ ಎಣ್ಣಿ ಹಚ್ಚಿ ಜಳಕ ಮಾಡಿಸೀಯೇನು?" ಅಂದರು. ಊಟದ ಹೊತ್ತಿಗೆ ಶಾಮಿಯಾನದ ಕೆಳಗೆ ಅದರ ವಾಸನೆಯೇ ಬೇರೆ ಆಗಿತ್ತು. ಎಂಟು ಕಿಲೋ ತಿಪ್ಪೆಗೆ ಹೋಯಿತು.

ತಪ್ಪು ಎಲ್ಲಿ ಆಯಿತು ಅಂತ ಹುಡುಕುತ್ತಾ ಹೋದೆ. ಹುಡುಕಿದಷ್ಟೂ ಒಂದು ಮಾತು ಗಟ್ಟಿಯಾಯಿತು. ಆಲೂಗಡ್ಡೆಗೆ ಸ್ವಂತದ ರುಚಿ ಕಡಿಮೆ. ಅದಕ್ಕೇ ಪ್ರತಿ ಊರೂ ತನ್ನ ಮನೆಯ ಹುಳಿಯನ್ನು ಅದಕ್ಕೆ ಕುಡಿಸುತ್ತದೆ. ಯಾವ ಹುಳಿ, ಯಾವಾಗ ಹಾಕಿದರು, ಇಷ್ಟು ತಿಳಿದರೆ ಯಾವ ದೇಶದ ಸಲಾಡ್ ಅಂತ ಹೇಳಿಬಿಡಬಹುದು.

ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಎಷ್ಟೋ ಮನೆಗಳಲ್ಲಿ ದೊಡ್ಡ ಅಡುಗೆಯೇ ಇಲ್ಲ, ಸಾಸೇಜ್ ಮತ್ತು ಆಲೂಗಡ್ಡೆ ಸಲಾಡ್ ಅಷ್ಟೇ. ಆದರೆ ಉತ್ತರದವರದ್ದು ಮಯೊನೀಸ್ ಹಾಕಿದ್ದು, ದಕ್ಷಿಣದವರದ್ದು ವಿನೆಗರ್ ಹಾಕಿದ್ದು. ಯಾವುದು ಸರಿ ಅಂತ ಜಗಳ ಇನ್ನೂ ಮುಗಿದಿಲ್ಲ. ನನ್ನ ವೋಟು ದಕ್ಷಿಣಕ್ಕೆ. ಶ್ವೇಬಿಯಾ ಅನ್ನುವ ಸೀಮೆಯಲ್ಲಿ ಮಾಡುವ ರೀತಿ ನೋಡಿ. ಸಿಪ್ಪೆ ಸಮೇತ ಬೇಯಿಸುತ್ತಾರೆ. ಕೈ ಸುಡುತ್ತೆ ಅಂತ ಫೋರ್ಕಿಗೆ ಚುಚ್ಚಿ ಹಿಡಿದು, ಬಿಸಿ ಇದ್ದಾಗಲೇ ಸಿಪ್ಪೆ ಸುಲಿದು ತೆಳ್ಳಗೆ ಹೆಚ್ಚುತ್ತಾರೆ. ಮೇಲೆ ಬಿಸಿ ಸಾರು ಸುರಿಯುತ್ತಾರೆ: ಮಾಂಸದ್ದೋ ತರಕಾರಿಯದ್ದೋ ತಿಳಿ ಸಾರು, ಅದರಲ್ಲಿ ವಿನೆಗರ್, ಸಾಸಿವೆ ಪೇಸ್ಟ್, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಆಮೇಲೆ ಸುಮ್ನೆ ಬಿಡುತ್ತಾರೆ. ಹೋಳುಗಳು ಆ ಸಾರನ್ನೆಲ್ಲ ಹೀರುತ್ತವೆ. ಎಣ್ಣೆ ಹಾಕುವುದು ಕಟ್ಟಕಡೆಗೆ. ಮೊದಲೇ ಹಾಕಿದರೆ ಹೋಳಿನ ಮೇಲೆ ಎಣ್ಣೆಯ ಪದರ ಕೂತು ಹುಳಿ ಒಳಗೆ ಇಳಿಯುವುದಿಲ್ಲ. ಚಮಚ ಆಡಿಸಿದರೆ ಪಿಚಪಿಚ ಅಂತ ಸದ್ದು ಬರಬೇಕು, ಆಗ ಹದ ಸರಿ. ಈ ಒದ್ದೆ ಒದ್ದೆಯಾದ, ಜಾರುವ ಹದಕ್ಕೆ ಅವರಲ್ಲಿ ಒಂದು ಪದವೇ ಇದೆ: ಶ್ಲೊಂಟ್ಸಿಗ್. ಬಾಯಲ್ಲಿ ಹೇಳಿದರೇ ಜಾರುತ್ತೆ, ಅಲ್ವಾ?

ವಿನೆಗರಿಗೆ ಬಿಸಿ ಬೇಕು, ಮಯೊನೀಸ್‌ಗೆ ತಂಪು ಬೇಕು. ಮಯೊನೀಸ್ ಅಂದರೆ ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ಮೊಟ್ಟೆಯ ಹಳದಿ ಹಿಡಿದಿಟ್ಟುಕೊಂಡಿರುವುದು. ಬಿಸಿ ತಾಗಿದರೆ ಹಿಡಿತ ಬಿಡುತ್ತೆ. ನಾನು ಆವತ್ತು ಮಾಡಿದ್ದು ಅದನ್ನೇ.

ಇನ್ನೊಂದು ಗುಟ್ಟು. ಹೋಳು ಕರಗಿ ಮುದ್ದೆ ಆಗಬಾರದು ಅಂದರೆ ಬೇಯಿಸುವ ನೀರಿಗೇ ಒಂದು ಚಮಚ ವಿನೆಗರ್ ಹಾಕುತ್ತಾರೆ. ಇದು ನಿಮಗೆ ಹೊಸದಲ್ಲ. ತೊಗರಿ ಬೆಳೆಯುವ ಜಿಲ್ಲೆ ನಮ್ಮದು, 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಾಕಿದರೆ ಏನಾಗುತ್ತೆ? ಎಷ್ಟು ಹೊತ್ತು ಕುದಿಸಿದರೂ ಬೇಳೆ ಗಟ್ಟಿಯಾಗೇ ಉಳಿಯುತ್ತೆ. ಕಾಯಿಪಲ್ಯೆಯನ್ನು ಒಳಗೆ ಹಿಡಿದಿಟ್ಟಿರುವ ಪೆಕ್ಟಿನ್ ಅನ್ನುವ ಅಂಟು ಹುಳಿ ನೀರಿನಲ್ಲಿ ಬೇಗ ಕರಗುವುದಿಲ್ಲ. ಸಾರಿನಲ್ಲಿ ನಾವು ತಪ್ಪು ಅನ್ನುವುದನ್ನೇ ಅವರು ಸಲಾಡಿನಲ್ಲಿ ಬೇಕಂತಲೇ ಮಾಡುತ್ತಾರೆ.

ಇನ್ನು ರಷ್ಯನ್ ಸಲಾಡ್. ದೊಡ್ಡ ಮದುವೆಗಳ ಬಫೆಯಲ್ಲಿ ನೋಡಿರುತ್ತೀರಿ, ಬೆಳ್ಳಗೆ, ಬಟಾಣಿ ಇಣುಕುತ್ತಾ ಇರುತ್ತೆ. 1860ರ ದಶಕದಲ್ಲಿ ಮಾಸ್ಕೋದ ಹರ್ಮಿಟೇಜ್ ರೆಸ್ಟೋರೆಂಟಿನಲ್ಲಿ ಲ್ಯೂಸಿಯನ್ ಒಲಿವಿಯೇ ಅನ್ನುವ ಅಡುಗೆಯವರು ಮಾಡಿದ್ದು ಅದು. ಅದರಲ್ಲಿ ಬೇಟೆ ಹಕ್ಕಿಯ ಮಾಂಸ ಇತ್ತು, ಸಾಹುಕಾರರ ಊಟ. ಸಾಸಿನ ಗುಟ್ಟನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. 1883ರಲ್ಲಿ ಅವರು ತೀರಿಕೊಂಡರು, ಗುಟ್ಟೂ ಹೋಯಿತು. ಸೋವಿಯತ್ ಕಾಲ ಬಂದಾಗ ಹಕ್ಕಿ ಜಾಗಕ್ಕೆ ಸಾಸೇಜ್ ಬಂತು, ಜೊತೆಗೆ ಆಲೂಗಡ್ಡೆ, ಗಜ್ಜರಿ, ಡಬ್ಬಿ ಬಟಾಣಿ, ಮೊಟ್ಟೆ, ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿ. ಆ ಸೌತೆಕಾಯಿಯೇ ಅದರ ಹುಳಿ. ಇವತ್ತಿಗೂ ಈ ಸಲಾಡ್ ಇಲ್ಲದೆ ರಷ್ಯದವರ ಹೊಸ ವರ್ಷ ಇಲ್ಲ. ಇರಾನಿನವರು ಸಾಸೇಜ್ ತೆಗೆದು ಕೋಳಿ ಹಾಕಿದರು, ನಿಂಬೆರಸ ಸೇರಿಸಿದರು, ಒಲಿವಿಯೇ ಹೆಸರು ಹಾಗೇ ಉಳಿಸಿಕೊಂಡರು. ತುರ್ಕಿಯಲ್ಲಿ ಶೀತಲ ಸಮರದ ಕಾಲಕ್ಕೆ ಇದನ್ನೇ ಅಮೆರಿಕನ್ ಸಲಾಡ್ ಅಂತ ಕರೆದರು! ನಮ್ಮ ದೇಶದ ಹೋಟೆಲುಗಳಲ್ಲಿ ಸೌತೆಕಾಯಿ ಉಪ್ಪಿನಕಾಯಿ ಬಿಟ್ಟು ಡಬ್ಬಿಯ ಪೈನಾಪಲ್ ಹಾಕಿದರು. ಹುಳಿ ಹೋಗಿ ಸಿಹಿ ಬಂತು. ನನಗಂತೂ ಅದು ಸೇರುವುದಿಲ್ಲ.

ಜಪಾನಿನವರು ಆಲೂಗಡ್ಡೆಯನ್ನು ಅರ್ಧಂಬರ್ಧ ಹಿಸುಕಿ, ಉಪ್ಪು ಸವರಿ ಹಿಂಡಿದ ಸೌತೆಕಾಯಿ ಬೆರೆಸುತ್ತಾರೆ. ಹಿಂಡುವುದು ಮುಖ್ಯ, ಇಲ್ಲದಿದ್ದರೆ ನೀರು ಬಿಡುತ್ತೆ. ಪೆರು ಆಲೂಗಡ್ಡೆಯ ತವರು, ಅಲ್ಲಿನ ಆಂಡಿಸ್ ಬೆಟ್ಟದ ಸಾಲಿನಿಂದಲೇ ಇದು ಜಗತ್ತಿಗೆ ಹಬ್ಬಿದ್ದು. ಅಲ್ಲಿ ಹಳದಿ ಆಲೂಗಡ್ಡೆ ಹಿಸುಕಿ, ನಿಂಬೆರಸ, ಹಳದಿ ಮೆಣಸಿನಕಾಯಿ ಕಲಸಿ, ನಡುವೆ ಮೀನೋ ಕೋಳಿಯೋ ಇಟ್ಟು ಪದರ ಪದರವಾಗಿ ಕಟ್ಟುತ್ತಾರೆ. ಅದರ ಹೆಸರು ಕೌಸಾ. ನಮ್ಮ ನಾಲಿಗೆಗೆ ತೀರಾ ಹತ್ತಿರದ್ದು ನೇಪಾಳದ ಆಲೂ ಅಚಾರ್. ಹುರಿದ ಎಳ್ಳಿನ ಪುಡಿ, ನಿಂಬೆರಸ, ಹಸಿಮೆಣಸಿನಕಾಯಿ, ಮೇಲೆ ಮೆಂತ್ಯದ ಒಗ್ಗರಣೆ. ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುವವರಿಗೆ ಇದನ್ನು ಪರಿಚಯ ಮಾಡಿಸಬೇಕಾಗಿಲ್ಲ.

ಇಷ್ಟೆಲ್ಲ ಸುತ್ತಿ ಬಂದ ಮೇಲೆ ಒಂದು ಶಿವರಾತ್ರಿ ದಿನ ತವರುಮನೆ ಅಡುಗೆಮನೆಯಲ್ಲಿ ಕೂತಿದ್ದೆ. ಅವ್ವ ಉಪವಾಸದ ಆಲೂಗಡ್ಡೆ ಮಾಡುತ್ತಿದ್ದಳು. ಚಾಕು ಮುಟ್ಟಲಿಲ್ಲ, ಕೈಯಿಂದಲೇ ಮುರಿದಳು. ಮುರಿದ ಕಡೆ ಒರಟಾಗಿರುತ್ತೆ, ಅಲ್ಲಿ ರಸ ಚೆನ್ನಾಗಿ ಹಿಡಿಯುತ್ತೆ. ಬಿಸಿ ಇರುವಾಗಲೇ ಉಪ್ಪು, ಅರ್ಧ ನಿಂಬೆಹಣ್ಣು. ಆರಿದ ಮೇಲೆ ಗಟ್ಟಿ ಮೊಸರು, ಜೀರಿಗೆ ಜೊತೆ ಕುಟ್ಟಿದ ಹಸಿಮೆಣಸಿನಕಾಯಿ, ತರಿತರಿಯಾದ ಶೇಂಗಾ ಪುಡಿ. ಶ್ವೇಬಿಯಾದವರ ಲೆಕ್ಕವೇ! ಬಿಸಿಗೆ ಒಂದು ಹುಳಿ, ತಂಪಿಗೆ ಇನ್ನೊಂದು. "ಇದನ್ನ ಯಾರು ಹೇಳಿಕೊಟ್ಟರವ್ವಾ?" ಅಂದೆ. "ಇದಕ್ಕೇನು ಹೇಳಿಕೊಡಬೇಕಾಗ್ತದ?" ಅಂದಳು. ಬೀದರ್ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿರ ಇರುವವರಿಗೆ ಇದು ಕೋಶಿಂಬೀರ ಅಂದರೆ ಥಟ್ಟನೆ ಗೊತ್ತಾಗುತ್ತೆ. ನಾನು ಮಾತ್ರ ಎಂಟು ಕಿಲೋ ಚೆಲ್ಲಿ ಕಲಿತೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮನೆಯಲ್ಲಿ ಹಸಿ ಮೊಟ್ಟೆಯಿಂದ ಮಯೊನೀಸ್ ಮಾಡಬೇಡಿ. 2024ರಲ್ಲಿ ಪಕ್ಕದ ತೆಲಂಗಾಣ ಸರ್ಕಾರ ಅದನ್ನು ನಿಷೇಧಿಸಿದ್ದು ಸುಮ್ನೆ ಅಲ್ಲ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನುವ ರೋಗಾಣುವಿನ ಭಯ ಇದೆ. ಬಾಟಲಿಯದ್ದು ಅಷ್ಟು ಅಪಾಯ ಅಲ್ಲ, ಅದರಲ್ಲಿ ಹುಳಿ ಇರುತ್ತೆ. ಆದರೆ ಕಲಸಿಟ್ಟ ಸಲಾಡ್ ಯಾವುದೇ ಇರಲಿ, 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದು ತಾಸಿಗಿಂತ ಜಾಸ್ತಿ ಹೊರಗೆ ಇಡಬಾರದು. ನಮ್ಮಲ್ಲಿ ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ 32 ದಾಟಿರುತ್ತೆ.

ಅದಕ್ಕೇ ಹಿಂದಿನ ಮೇಜಿನ ಮೇಲಿರುವ ಎರಡು ಡಬ್ಬಿಗಳನ್ನು ಐಸ್ ಮೇಲೆ ಇಟ್ಟಿದ್ದೇನೆ. ಒಂದರಲ್ಲಿ ಅವ್ವನದ್ದು, ಒಂದರಲ್ಲಿ ಶ್ವೇಬಿಯಾದ್ದು. ಸಾರು ತರಕಾರಿಯದ್ದು, ಧೈರ್ಯವಾಗಿ ತಿನ್ನಿ. ಮಯೊನೀಸ್ ತಂದಿಲ್ಲ, ನಮ್ಮ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.