ಗೆಳತಿ ಜೊತೆ ಮಂಗಳೂರು: ತಿಂಡಿಯ ಹೊತ್ತು ನೋಡಿಕೊಂಡು ತಿರುಗಾಟ

ಕೇಳುಗರಿಗೆ ನಮಸ್ಕಾರ.

ವಾರದ ಕೊನೆಗೆ ರಜೆ ಸಿಕ್ಕಿತು, ಗೆಳತಿ ಜೊತೆ ಯಾವುದಾದರೂ ಊರಿಗೆ ಹೋಗಿಬರೋಣ ಅಂತ ಹೊರಟಾಗ ನಾವು ಮೊದಲು ಮಾಡುವುದು ನೋಡುವ ಜಾಗಗಳ ಪಟ್ಟಿ. ಬೆಳಿಗ್ಗೆ ಇದು, ಮಧ್ಯಾಹ್ನ ಅದು, ಸಂಜೆ ಇನ್ನೊಂದು. ನಡುವೆ ಹಸಿವಾದಲ್ಲಿ ಸಿಕ್ಕಿದ್ದನ್ನು ತಿಂದು ಮುಂದೆ ಓಡುವುದು. ನನಗೆ ಈ ಲೆಕ್ಕ ತಲೆಕೆಳಗಾಗಿದೆ ಅನಿಸುತ್ತದೆ. ಆ ಊರಿನವರು ಯಾವ ಹೊತ್ತಿಗೆ ಏನು ತಿನ್ನುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಆಮೇಲೆ ಅದರ ಆಚೀಚೆ ನೋಡುವ ಜಾಗಗಳನ್ನು ಹೊಂದಿಸಿಕೊಳ್ಳಬೇಕು. ಗೆಳತಿಯೂ ನಾನೂ ಮಂಗಳೂರು ನೋಡಿದ್ದು ಹಾಗೆ.

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ, ಶಿರಾಡಿ ಘಾಟಿ ಇಳಿದು ಬೆಳಗಿನ ಹೊತ್ತಿಗೆ ಮಂಗಳೂರು ಸೇರುತ್ತೇವೆ. ಬಸ್ಸಿಳಿದ ತಕ್ಷಣ ಮೈಗೆ ಸೆಕೆ ಅಂಟುತ್ತದೆ. ರೂಮಿಗೆ ಹೋಗಿ ಸ್ನಾನ ಮಾಡಿ, ಹಂಪನಕಟ್ಟೆ ಕಡೆಯ ಒಂದು ಹಳೆಯ ಹೋಟೆಲಿಗೆ ಹೋದೆವು. ಮಾಣಿ ಬಂದು "ಎಂತ ಬೇಕು? ಬನ್ಸ್ ಉಂಟು, ನೀರ್ ದೋಸೆ ಉಂಟು, ಸಜ್ಜಿಗೆ ಬಜಿಲ್ ಉಂಟು" ಅಂದರು. ಗೆಳತಿ ಗೋಳಿಬಜೆ ಕೇಳಿದಳು. "ಗೋಳಿಬಜೆ ಈಗ ಇಲ್ಲ ಅಕ್ಕ, ಮೂರೂವರೆ ಮೇಲೆ ಬನ್ನಿ" ಅಂದರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ಬನ್ಸಿನ ಹಿಟ್ಟು ಕಲಸುವುದು ರಾತ್ರಿ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಚೂರು ಸೋಡಾ ಹಾಕಿ ಮೈದಾ ಜೊತೆ ಕಲಸಿಡುತ್ತಾರೆ. ರಾತ್ರಿಯಿಡೀ ಅದು ಮೆತ್ತಗಾಗುತ್ತದೆ. ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಉಬ್ಬಿಕೊಂಡು ಮೇಲೆ ಬರುತ್ತದೆ. ಹೊರಗೆ ಕಂದು ಬಣ್ಣ, ಮುರಿದರೆ ಒಳಗೆ ಜಾಲರಿ ಜಾಲರಿ. ಸಣ್ಣ ಸಿಹಿ, ಜೊತೆಗೆ ಖಾರದ ಕಾಯಿ ಚಟ್ನಿ. ಗೋಳಿಬಜೆಯದು ಬೇರೆ ಕತೆ. ಅದರ ಹಿಟ್ಟು ಹುಳಿ ಮೊಸರಲ್ಲಿ ಕೆಲವು ಗಂಟೆ ನೆನೆಯಬೇಕು. ಹಸಿಮೆಣಸು, ಶುಂಠಿ, ಕರಿಬೇವು, ತೆಂಗಿನಕಾಯಿ ಚೂರು ಸೇರಬೇಕು. ಅದು ಹದಕ್ಕೆ ಬರುವಾಗ ಮಧ್ಯಾಹ್ನ ಕಳೆದಿರುತ್ತದೆ, ಊರಿಗೆ ಚಹಾದ ಹೊತ್ತಾಗಿರುತ್ತದೆ. ಬೆಳಿಗ್ಗೆ ಗೋಳಿಬಜೆ, ಸಂಜೆ ಬನ್ಸ್ ಕೊಡುವ ಹೋಟೆಲುಗಳೂ ಈಗ ಇರಬಹುದು. ಆದರೆ ಅದರದರ ಹೊತ್ತಿಗೆ ಬಾಣಲೆಯಿಂದ ನೇರವಾಗಿ ತಟ್ಟೆಗೆ ಬಂದ ರುಚಿಯೇ ರುಚಿ.

ಜೊತೆಗೆ ಒಬ್ಬರಿದ್ದರೆ ಒಂದು ದೊಡ್ಡ ಲಾಭ ಇದೆ. ಎಲ್ಲವನ್ನೂ ಅರ್ಧ ಅರ್ಧ ಮಾಡಬಹುದು. ಒಂದು ಬನ್ಸ್, ಒಂದು ಪ್ಲೇಟು ನೀರ್ ದೋಸೆ, ಒಂದು ಸಜ್ಜಿಗೆ ಬಜಿಲ್ (ಉಪ್ಪಿಟ್ಟಿನ ಜೊತೆ ಖಾರದ ಅವಲಕ್ಕಿ) ತರಿಸಿ ನಡುವೆ ಇಟ್ಟುಕೊಂಡೆವು. ಒಬ್ಬಳೇ ಹೋಗಿದ್ದರೆ ಒಂದರಲ್ಲೇ ಹೊಟ್ಟೆ ತುಂಬಿಬಿಡುತ್ತಿತ್ತು. ನೀರ್ ದೋಸೆಗೆ ಉದ್ದು ಇಲ್ಲ, ಹುಳಿ ಬರಿಸುವ ಕೆಲಸವೂ ಇಲ್ಲ. ಬರೀ ನೆನೆಸಿದ ಅಕ್ಕಿ ನುಣ್ಣಗೆ ರುಬ್ಬಿ ನೀರಿನ ಹಾಗೆ ತೆಳ್ಳಗೆ ಮಾಡಿ, ಕಾದ ಕಾವಲಿ ಮೇಲೆ ಹೊಯ್ದು ಮುಚ್ಚುತ್ತಾರೆ. ಕಾಯಿ ಬೆಲ್ಲದ ಜೊತೆ ತಿಂದೆವು.

ತಿಂಡಿ ಆದ ಮೇಲೆ ಬಿಸಿಲು ಏರುವ ಮೊದಲು ಬಾವುಟಗುಡ್ಡೆ ಹತ್ತಿದೆವು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ರೈತರು ಮಂಗಳೂರಿನವರೆಗೂ ಬಂದು ಬಾವುಟ ಹಾರಿಸಿದ ಗುಡ್ಡ ಇದು. ಅಲ್ಲೇ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಚಾಪೆಲ್ ಇದೆ. ಹೊರಗಿನಿಂದ ನೋಡಿದರೆ ಇಷ್ಟೇನಾ ಅನಿಸುತ್ತದೆ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಛಾವಣಿ ಎಲ್ಲೂ ಖಾಲಿ ಜಾಗವಿಲ್ಲ. ಎಲ್ಲೆಲ್ಲೂ ಚಿತ್ರ. ಬರೆದವರು ಆಂಟೋನಿಯೊ ಮೊಸ್ಕೆನಿ ಅನ್ನುವ ಇಟಲಿಯ ಜೆಸುವಿಟ್ ಬ್ರದರ್, ಅಂದರೆ ಕ್ರೈಸ್ತ ಸನ್ಯಾಸಿ ಸಂಘವೊಂದರವರು. 1899ರಲ್ಲಿ ಮಂಗಳೂರಿಗೆ ಬಂದವರು. ಗೋಡೆಯ ಮೇಲೆ ಅವರು ಬಳಸಿದ್ದು ಫ್ರೆಸ್ಕೊ ಪದ್ಧತಿ. ಅಂದರೆ ಗಾರೆ ಹಸಿ ಇರುವಾಗಲೇ ಅದರ ಮೇಲೆ ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಒಣಗುವಾಗ ಬಣ್ಣವೂ ಗೋಡೆಯ ಒಳಗೇ ಸೇರಿಕೊಳ್ಳುತ್ತದೆ. ತಪ್ಪಾದರೆ ಒರೆಸುವ ಹಾಗಿಲ್ಲ, ಆ ಭಾಗದ ಗಾರೆಯನ್ನೇ ಕೆರೆದು ಮತ್ತೆ ಬಳಿಯಬೇಕು. ಈ ಸೆಕೆಯಲ್ಲಿ, ಅಟ್ಟಣೆ ಮೇಲೆ ಕತ್ತೆತ್ತಿಕೊಂಡು ಒಬ್ಬ ಮನುಷ್ಯ ಹೇಗೆ ಮಾಡಿದನಪ್ಪಾ ಅಂತ ಗೆಳತಿ ಕೇಳುತ್ತಲೇ ಇದ್ದಳು. ಬೆಂಚಿನ ಮೇಲೆ ಒರಗಿ ಕೂತರೆ ಛಾವಣಿಯ ಚಿತ್ರಗಳು ಸರಿಯಾಗಿ ಕಾಣುತ್ತವೆ. ಸಂತ ಅಲೋಶಿಯಸ್ಸರ ಬದುಕಿನ ಕತೆ ಅಲ್ಲಿದೆ. ದಯವಿಟ್ಟು ಅಲ್ಲಿ ಅವಸರ ಮಾಡಬೇಡಿ. ಪಟ್ಟಿ ಹಿಡಿದು ಬಂದವರು ಹತ್ತು ನಿಮಿಷದಲ್ಲಿ ಎದ್ದು ಹೋಗುವುದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಮಧ್ಯಾಹ್ನದ ಊಟಕ್ಕೆ ಬಂದರು ಕಡೆ ಇಳಿದೆವು. ಗೆಳತಿ ಮೀನು, ಕೋಳಿ ಕಂಡರೆ ಬಿಡುವವಳಲ್ಲ. ನಾನು ಸಸ್ಯಾಹಾರಿ. ಇಂಥ ಜೋಡಿಗೆ ಮಂಗಳೂರಲ್ಲಿ ಏನೂ ತೊಂದರೆ ಇಲ್ಲ. ನನಗೆ ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ, ಅನಾನಸಿನ ಸಿಹಿ-ಖಾರದ ಮೆಣಸ್ಕಾಯಿ ಮಾಡಿಕೊಡುವ ಹೋಟೆಲೂ ಸಿಕ್ಕಿತು. ಎರಡು ಹೆಜ್ಜೆ ಆಚೆಗೆ ಅವಳಿಗೆ ಕೋರಿ ರೊಟ್ಟಿಯೂ ಸಿಕ್ಕಿತು. ನನ್ನ ಊಟ ಮುಗಿಸಿ ಅವಳ ಎದುರು ಹೋಗಿ ಕೂತೆ. ಕೋರಿ ರೊಟ್ಟಿಯ ರೊಟ್ಟಿ ನಮ್ಮ ಬಯಲುಸೀಮೆಯ ರೊಟ್ಟಿಯಲ್ಲ. ಕುಚ್ಚಲಕ್ಕಿ ರುಬ್ಬಿ, ಕಾಗದದಷ್ಟು ತೆಳ್ಳಗೆ ಬೇಯಿಸಿ ಒಣಗಿಸಿದ ಹಾಳೆ. ಅದನ್ನು ಮುರಿದು ತಟ್ಟೆಗೆ ಹಾಕಿ, ಮೇಲೆ ಕೋಳಿಯ ತೆಂಗಿನಹಾಲಿನ ಸಾರು ಸುರಿಯುತ್ತಾರೆ. ಗೆಳತಿ ಅರ್ಧವನ್ನು ಸಾರಿನಲ್ಲಿ ಪೂರ್ತಿ ನೆನೆಯಲು ಬಿಟ್ಟಳು. ಉಳಿದರ್ಧವನ್ನು ಸುಮ್ನೆ ಅದ್ದಿ ಅದ್ದಿ ಕರುಂ ಕುರುಂ ಅಂತ ತಿಂದಳು. ಒಂದೇ ತಟ್ಟೆಯಲ್ಲಿ ಎರಡು ಊಟ ಮಾಡಿದ ಹಾಗಾಯಿತು ಅಂದಳು.

ಊಟದ ಮೇಲೆ ಮಂಗಳೂರಿನ ಬಿಸಿಲಲ್ಲಿ ತಿರುಗಬೇಡಿ. ರೂಮಿಗೆ ಹೋಗಿ ಮಲಗಿ. ನಾವೂ ಮಲಗಿ ಎದ್ದು, ನಾಲ್ಕು ಗಂಟೆಗೆ ಬೆಳಿಗ್ಗೆಯ ಹೋಟೆಲಿಗೇ ಹೋಗಿ ಗೋಳಿಬಜೆ ತಿಂದೆವು. ಕೈಯಲ್ಲಿ ಮುರಿದಾಗ ಒಳಗಿಂದ ಹಬೆ ಬಂತು. ಆಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಗೆ ಹಡಗುಗಳು ಬರದಂತೆ ಕಾಯಲು ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ಚಿಕ್ಕದು, ಬೇಗ ನೋಡಿ ಮುಗಿಯುತ್ತದೆ. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಮರಳಿನ ಪಟ್ಟಿ. ಕಡಲ ತೀರದಲ್ಲಿ ಚರುಮುರಿ ಸಿಗುತ್ತದೆ. ಮಂಡಕ್ಕಿಗೆ ತೆಂಗಿನೆಣ್ಣೆ, ಖಾರದ ಪುಡಿ, ಈರುಳ್ಳಿ, ತುರಿದ ಕ್ಯಾರೆಟ್ಟು, ಮಾವಿನಕಾಯಿ ಹಾಕಿ ಕಲಸಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ದಾವಣಗೆರೆ ಕಡೆಯ ಖಾರ ಮಂಡಕ್ಕಿ ತಿಂದು ಬೆಳೆದವರಿಗೆ ಮೊದಲ ತುತ್ತಿಗೆ ತೆಂಗಿನೆಣ್ಣೆಯ ವಾಸನೆ ಹೊಸದು. ಎರಡನೇ ತುತ್ತಿಗೆ ಹಿಡಿಸುತ್ತದೆ.

ರಾತ್ರಿ ಊಟ ಬಿಟ್ಟು ಗಡ್‌ಬಡ್ ತಿನ್ನಬೇಕು ಅಂತ ಅವಳ ಹಟ. ಉದ್ದ ಗ್ಲಾಸಿನಲ್ಲಿ ಎರಡು ಮೂರು ಥರದ ಐಸ್‌ಕ್ರೀಮು, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ಉದ್ದ ಚಮಚ ಎರಡು ಕೇಳಿ ಪಡೆಯಿರಿ. ಒಂದು ಗ್ಲಾಸು ಇಬ್ಬರಿಗೆ ಸಾಕು.

ಮರುದಿನ ಬೆಳಿಗ್ಗೆ ಮೀನು ತಿನ್ನದ ನನ್ನನ್ನೂ ಎಳೆದುಕೊಂಡು ಅವಳು ದಕ್ಕೆಗೆ ಹೋದಳು. ಮೀನಿನ ದೋಣಿಗಳು ಬಂದು ನಿಲ್ಲುವ ಜಾಗ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ರಾಶಿ ರಾಶಿ. ಬುಟ್ಟಿ ಹಿಡಿದ ಹೆಂಗಸರು ತುಳುವಿನಲ್ಲಿ ದರ ಕೂಗುತ್ತಾ, ಚೌಕಾಸಿ ಮಾಡುತ್ತಾ, ಮಂಜುಗಡ್ಡೆ ಎಳೆಯುವವರಿಗೆ ದಾರಿ ಬಿಡುತ್ತಾ ಓಡಾಡುತ್ತಿರುತ್ತಾರೆ. ಊರಿನ ಹೋಟೆಲುಗಳ ಮೀನೂಟದ ಹಿಂದೆ ಎಷ್ಟು ಜನರ ದುಡಿಮೆ ಇದೆ ಅಂತ ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ನೆಲ ಜಾರುತ್ತದೆ, ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ. ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಅವರಿಗೆ ಅದು ಕೆಲಸದ ಹೊತ್ತು.

ಅಲ್ಲಿಂದ ಕದ್ರಿ. ಮಂಜುನಾಥನ ಗುಡಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ. ಪೀಠದ ಮೇಲಿನ ಶಾಸನ 968ನೇ ಇಸವಿಯದು, ಆಳುಪ ದೊರೆ ಕುಂದವರ್ಮನ ಕಾಲದ್ದು. ಸಾವಿರ ವರ್ಷ ದಾಟಿದ ಕಂಚು. ಇದು ಬೌದ್ಧರ ಮೂರ್ತಿ, ಇಲ್ಲಿ ವಿಹಾರವಿತ್ತು ಅನ್ನುತ್ತಾರೆ ಇತಿಹಾಸ ಬಲ್ಲವರು. ಅದೇ ಗುಡ್ಡದ ಮೇಲೆ ನಾಥಪಂಥದ ಜೋಗಿ ಮಠ ಇದೆ. ಕೆಳಗೆ ಶಿವನಿಗೆ ಮಂಗಳಾರತಿ ಆಗುತ್ತಿರುತ್ತದೆ. ಒಂದೇ ಗುಡ್ಡದಲ್ಲಿ ಎಷ್ಟು ದಾರಿಗಳು ಕೂಡಿವೆ ನೋಡಿ. ಗುಡಿಯ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖದಿಂದ ನೀರು ಬೀಳುವ ಕೆರೆಗಳು. ಅಲ್ಲಿ ಸ್ವಲ್ಪ ಹೊತ್ತು ಕೂತೆವು.

ನೋಡದೆ ಬಿಟ್ಟದ್ದು ಬಹಳ ಇದೆ. ಅದಕ್ಕೆ ನನಗೆ ಬೇಸರವಿಲ್ಲ. ಊರಿನವರು ತಿನ್ನುವ ಹೊತ್ತಿಗೆ ಅವರ ಪಕ್ಕ ಕೂತು ತಿಂದೆವು. ಪಟ್ಟಿ ಹಿಡಿದು ಓಡಿದ್ದರೆ ಅದು ಸಿಗುತ್ತಿರಲಿಲ್ಲ.

ನೀವು ಹೋಗುವುದಾದರೆ ತಿಂಗಳು ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಆಗ ತಾಜಾ ಮೀನು ಕಡಿಮೆ, ರೇಟೂ ಜಾಸ್ತಿ. ಆದರೆ ಮಳೆಗಾಲಕ್ಕೇ ಕೆಸುವಿನ ಎಲೆ ಚಿಗುರುವುದು. ತುಳುವರ ಆಟಿ ತಿಂಗಳಲ್ಲಿ ಆ ಎಲೆಗೆ ಅಕ್ಕಿ ಹಿಟ್ಟು ಸವರಿ ಬೇಯಿಸುವ ಪತ್ರೊಡೆ ತಿನ್ನಲು ಅದೇ ಹೊತ್ತು. ಘಾಟಿ ರಸ್ತೆ ತೆರೆದಿದೆಯೇ ಅಂತ ಮಾತ್ರ ವಿಚಾರಿಸಿ ಹೊರಡಿ. ನವರಾತ್ರಿಗೆ ಹೋಗುವವರು ಕುದ್ರೋಳಿ ಗೋಕರ್ಣನಾಥನ ಗುಡಿಯ ದಸರಾ ನೋಡಲೇಬೇಕು. ಆ ದಿನಗಳಲ್ಲಿ ಊರೆಲ್ಲ ದೀಪ, ಊರೆಲ್ಲ ಜನ. ರೂಮು ಮೊದಲೇ ಹೇಳಿಡಿ.

ನಮಸ್ಕಾರ.