ಸೊಸೈಟಿ ಜಗಲಿಯ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಹಾಸನ ಜಿಲ್ಲೆಯ ಆಲೂರು ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಾನು 31 ವರ್ಷ ಸೆಕ್ರೆಟರಿಯಾಗಿದ್ದೆ. ಊರಲ್ಲಿ ಯಾರೂ ಅದನ್ನು ಸಹಕಾರ ಸಂಘ ಅನ್ನುವುದಿಲ್ಲ, ಸೊಸೈಟಿ ಅಂತಾರೆ. "ಸೊಸೈಟಿ ಬಾಗಿಲು ತೆಗ್ದಿದ್ಯಾ?" ಅಂದರೆ ಯೂರಿಯಾ ಬಂದಿದೆಯಾ, ಅಕ್ಕಿ ಕೊಡ್ತಿದ್ದಾರಾ, ಸಾಲದ ಅರ್ಜಿ ತಗೋತಾರಾ, ಎಲ್ಲ ಸೇರಿ ಒಂದೇ ಪ್ರಶ್ನೆ. ಸೊಸೈಟಿ ಅಂದ ಕೂಡಲೇ ಎಲ್ಲರಿಗೂ ಸಾಲ ನೆನಪಾಗುತ್ತದೆ. ನಾನು ಇವತ್ತು ಅದರ ಜಗಲಿ ಮೇಲೆ ಕೂತು ಆಡುವ ಮಾತಿನ ಬಗ್ಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳು. ಹಾಸನದ ಎಪಿಎಂಸಿಗೆ ಪಂಜಾಬಿನಿಂದ ಬಿತ್ತನೆ ಆಲೂಗಡ್ಡೆ ಬಂದಿತ್ತು. ಮುಂಗಾರಿಗೆ ಮುಂಚಿನ ಒಂದೆರಡು ಹದ ಮಳೆಯೂ ಆಗಿತ್ತು. ಒಬ್ಬ ಹೆಣ್ಣುಮಗಳು ಜಗಲಿಗೆ ಬಂದು ನಿಂತಳು. ಗಂಡ ತೀರಿಕೊಂಡು ಎರಡು ವರ್ಷ. "ಅಣ್ಣಾ, ಐವತ್ತು ಸಾವಿರ ಬೇಕು. ಒಂದು ಕಡೆ ಮೂರು ರೂಪಾಯಿ ಬಡ್ಡಿ ಅಂತಾರೆ. ಇನ್ನೊಂದು ಕಡೆ ಹನ್ನೆರಡು ಪರ್ಸೆಂಟ್ ಅಂತೆ. ಮೂರೇ ಕಡಿಮೆ ಅಲ್ವಾ?"

ಗೊಬ್ಬರದ ಹಳೇ ಬಿಲ್ಲು ತಿರುಗಿಸಿ ಪೆನ್ಸಿಲ್ ತಗೊಂಡೆ. ಮೂರು ರೂಪಾಯಿ ಅನ್ನೋದು ನೂರಕ್ಕೆ, ತಿಂಗಳಿಗೆ. 50,000ಕ್ಕೆ ತಿಂಗಳಿಗೆ 1,500. ವರ್ಷಕ್ಕೆ 18,000. ಅಂದರೆ 36 ಪರ್ಸೆಂಟ್. "ಅದು ವರ್ಷದ ಮಾತು, ಇದು ತಿಂಗಳ ಮಾತು ಕಣಮ್ಮ" ಅಂದೆ. ಅವಳು ಆ ಕಾಗದ ನೋಡುತ್ತಾ ಸುಮ್ಮನೆ ನಿಂತಳು.

ಆಮೇಲೆ ಆ ಹನ್ನೆರಡರ ಲೆಕ್ಕ. ಕಂತು ಎಷ್ಟು ಅಂತ ಕೇಳಿದೆ. ತಿಂಗಳಿಗೆ 4,667, ಹನ್ನೆರಡು ಕಂತು ಅಂದಳು. ಅಂದರೆ ಬಡ್ಡಿ ಪೂರ್ತಿ 6,000. ಅಸಲು ತಿಂಗಳು ತಿಂಗಳು ಕರಗುತ್ತಾ ಇದ್ದರೂ ಬಡ್ಡಿ ಮಾತ್ರ ಕೊನೇ ಕಂತಿನವರೆಗೂ 50,000ಕ್ಕೇ ಹಾಕಿದ್ದರು. ಇದನ್ನು ಫ್ಲಾಟ್ ಬಡ್ಡಿ ಅಂತಾರೆ. ಉಳಿದ ಅಸಲಿಗೆ ಮಾತ್ರ 12 ಪರ್ಸೆಂಟ್ ಹಾಕಿದ್ದರೆ ವರ್ಷದ ಬಡ್ಡಿ ಸುಮಾರು 3,300 ಆಗುತ್ತಿತ್ತು. ಹೆಸರಿಗೆ ಹನ್ನೆರಡು, ನಿಜಕ್ಕೆ ಇಪ್ಪತ್ತೊಂದು ದಾಟುತ್ತದೆ. ಎಲ್ಲಿ ಸಾಲ ತಗೊಂಡರೂ ಎರಡು ಮಾತು ಕೇಳಿ. ಬಡ್ಡಿ ತಿಂಗಳಿಗಾ, ವರ್ಷಕ್ಕಾ? ಉಳಿದ ಅಸಲಿಗಾ, ಪೂರ್ತಿ ಸಾಲಕ್ಕಾ? ಕೇಳಿದರೆ ಯಾರೂ ಕೋಪ ಮಾಡಿಕೊಳ್ಳಬಾರದು. ಕೋಪ ಮಾಡಿಕೊಂಡರೆ ಅಲ್ಲಿಂದ ಎದ್ದು ಬನ್ನಿ.

ಅವಳಿಗೆ ಸೊಸೈಟಿಯಲ್ಲೇ ಬೆಳೆ ಸಾಲ ಕೊಡಬಹುದಿತ್ತಲ್ಲ? ಆಗಲಿಲ್ಲ. ಜಮೀನಿನ ಪಹಣಿ ಇನ್ನೂ ಮಾವನ ಹೆಸರಲ್ಲಿತ್ತು. ಮಾವನೂ ಇಲ್ಲ, ಗಂಡನೂ ಇಲ್ಲ. ಉಳುವವಳು ಅವಳು, ಕಳೆ ಕೀಳುವವಳು ಅವಳು, ಕಾಗದದಲ್ಲಿ ಮಾತ್ರ ಅವಳಿಲ್ಲ. ನಮ್ಮ ಕಡೆ ಇದು ಮನೆಮನೆ ಕಥೆ. ಸೊಸೈಟಿ ಬರೀ ಸಾಲ ಕೊಡುವ ಅಂಗಡಿಯಾಗಿದ್ದರೆ "ದಾಖಲೆ ಸರಿಯಿಲ್ಲ, ಹೋಗಮ್ಮ" ಅಂತ ಮಾತು ಮುಗಿಸಬಹುದಿತ್ತು. ನಮ್ಮ ಆಡಳಿತ ಮಂಡಳಿ ಹಾಗೆ ಮಾಡಲಿಲ್ಲ, ಅದಕ್ಕೆ ನನಗೆ ಈಗಲೂ ಹೆಮ್ಮೆ ಇದೆ. ಮೀಟಿಂಗಿನಲ್ಲಿ ಠರಾವು ಮಾಡಿ ತಾಲ್ಲೂಕು ಕಚೇರಿಗೆ ಬರೆದೆವು. ಎರಡು ಸಲ ನಾವೇ ಹೋಗಿ ಕೂತೆವು. ಕೊನೆಗೆ ಕಂದಾಯ ಇಲಾಖೆಯವರು ನಮ್ಮ ಗೋಡೌನಿಗೇ ಬಂದು ಪೌತಿ ಖಾತೆಯ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ, ಅರ್ಜಿ ತಗೊಂಡರು. ಮರಣ ಪತ್ರ, ವಂಶವೃಕ್ಷ, ಆಧಾರ್ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಜನ ಬಂದರು. ಸಂಜೆಯಾದರೂ ಸಾಲು ಕರಗಲಿಲ್ಲ. ಆ ವರ್ಷದ ಆಲೂಗಡ್ಡೆಗೆ ಅವಳು ತಮ್ಮನ ಹತ್ತಿರ ಕೈಸಾಲ ತಗೊಂಡಳು. ಮಾರನೇ ವರ್ಷ ಪಹಣಿಯಲ್ಲಿ ಅವಳ ಹೆಸರು ಬಂತು, ಸೊಸೈಟಿಯ ಸಾಲವೂ ಬಂತು.

ಗದಗದ ಹತ್ತಿರ ಕಣಗಿನಹಾಳ ಅಂತ ಒಂದು ಊರಿದೆ. 1904ರಲ್ಲಿ ಸಹಕಾರಿ ಪತ್ತಿನ ಕಾಯ್ದೆ ಬಂತು. ಮಾರನೇ ವರ್ಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತ ಬಿಡಿಸಿಕೊಳ್ಳಬೇಕು ಅನ್ನೋದೇ ಆಗಿನ ಮಾತು. ಸಾಹುಕಾರನ ಜಾಗಕ್ಕೆ ಈಗ ಮೊಬೈಲ್ ಸಾಲದ ಆಪ್ ಬಂದಿದೆ, ವಾರದ ಕಂತಿನವರು ಬಂದಿದ್ದಾರೆ. ಅವರಲ್ಲಿ ಎಲ್ಲರೂ ಕೆಟ್ಟವರಲ್ಲ. ಆದರೆ ಮನೆ ಮುಂದೆ ನಿಂತು ಮಾನ ಕಳೆಯುವುದು ತಪ್ಪು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾನೂನು ತಂದಿದೆ. ಹೆದರಿ ಬಾಗಿಲು ಹಾಕಿಕೊಳ್ಳಬೇಡಿ, ಪೊಲೀಸರಿಗೆ ಹೇಳಿ.

ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ. ಒಬ್ಬ ಹಿರಿಯರು ನಾಲ್ಕು ದಿನ ತಡವಾಗಿ ಬಂದರು. ಮಗಳ ಮದುವೆ ಗಡಿಬಿಡಿಯಲ್ಲಿ ಮರೆತಿದ್ದರು. ವರ್ಷದ ಬಡ್ಡಿಯೆಲ್ಲ ಅವರ ತಲೆ ಮೇಲೆ ಬಿತ್ತು. ಮೊದಲೇ ಒಂದು ಮಾತು ನೆನಪಿಸಬೇಕಿತ್ತು. ನಾನು ನೆನಪಿಸಿರಲಿಲ್ಲ. ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಅವತ್ತಿನಿಂದ ವಾಯಿದೆಗೆ ಹದಿನೈದು ದಿನ ಇರುವಾಗಲೇ ಪ್ರತಿಯೊಬ್ಬರಿಗೂ ಫೋನ್ ಮಾಡಲು ಶುರು ಮಾಡಿದೆ.

ಇನ್ನೊಂದು ಮಾತು. ಸೊಸೈಟಿಯವನಾಗಿಯೇ ಇದನ್ನು ಹೇಳಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅದು ಸಹಕಾರಿ ಬ್ಯಾಂಕಾದರೂ ಸರಿ, 5 ಲಕ್ಷದವರೆಗೆ ವಿಮೆ ಇದೆ. ನಮ್ಮಂಥ ಸೊಸೈಟಿಯ ಠೇವಣಿಗೆ ಆ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಇರುವುದನ್ನೆಲ್ಲ ತಂದು ಒಂದೇ ಕಡೆ ಇಡಬೇಡಿ. ಇಡುವ ಮುಂಚೆ ಆಡಿಟ್‌ನಲ್ಲಿ ಸಂಘಕ್ಕೆ ಯಾವ ದರ್ಜೆ ಬಂದಿದೆ ಅಂತ ಕೇಳಿ. ಎ, ಬಿ, ಸಿ, ಡಿ ಅಂತ ಕೊಡುತ್ತಾರೆ.

ಆ ಹೆಣ್ಣುಮಗಳ ಮಾತಿಗೆ ವಾಪಸ್ ಬರುತ್ತೇನೆ. ಸದಸ್ಯೆಯಾದ ಮೇಲೆ ಸೆಪ್ಟೆಂಬರ್‌ನಲ್ಲಿ ಮಹಾಸಭೆಗೆ ಬಂದಳು. ಸಾಮಾನ್ಯವಾಗಿ ಅಲ್ಲಿ ಏನಾಗುತ್ತದೆ ಅಂದರೆ, ಜನ ಪುಸ್ತಕದಲ್ಲಿ ಸಹಿ ಹಾಕಿ, ಊಟ ಮಾಡಿ ಹೋಗುತ್ತಾರೆ. ಇವಳು ವರದಿಯ ಪುಸ್ತಕ ಹಿಡಿದು ಎದ್ದು ನಿಂತಳು. "ವಾಯಿದೆ ಮೀರಿದ ಸಾಲ ಹೋದ ವರ್ಷಕ್ಕಿಂತ ಯಾಕೆ ಜಾಸ್ತಿ ಆಗಿದೆ?"

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಲೆಡ್ಜರ್ ತಂದು ನೋಡಿ ಹೇಳಿದೆ. ಹೆಚ್ಚಿನವು ಶುಂಠಿ ಹಾಕಿದವರ ಸಾಲ. ಆ ವರ್ಷ ಶುಂಠಿ ಬೆಲೆ ನೆಲ ಕಚ್ಚಿತ್ತು. ಸಭೆಯಲ್ಲಿ ಗಲಾಟೆ ಆಗಲಿಲ್ಲ, ಮಾತು ನಡೆಯಿತು. ಇವರಿಗೆ ಇನ್ನಷ್ಟು ಅವಧಿ ಕೊಡಿ ಅಂತ, ಸೊಸೈಟಿಗೆ ಸಾಲದ ಹಣ ಕೊಡುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಬರೆಯಲು ಅಲ್ಲೇ ಠರಾವಾಯಿತು. ಹತ್ತು ಎಕರೆಯವರಿಗೂ ಒಂದೇ ಓಟು, ಅರ್ಧ ಎಕರೆಯ ಇವಳಿಗೂ ಒಂದೇ ಓಟು. ಆ ಠರಾವಿಗೆ ಮೊದಲು ಕೈ ಎತ್ತಿದ್ದು ಇವಳೇ.

ನಿಮ್ಮ ಸೊಸೈಟಿಯಿಂದಲೂ ಮಹಾಸಭೆಯ ನೋಟಿಸ್ ಬರುತ್ತದೆ. ವರದಿಯ ಪುಸ್ತಕವನ್ನು ನಾಲ್ಕು ದಿನ ಮುಂಚೆಯೇ ಕೇಳಿ ತಗೊಳ್ಳಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಜೊತೆ ಕೂತು ನೋಡಿ. ಕೇಳಬೇಕಾದ್ದನ್ನು ಊಟಕ್ಕೆ ಏಳುವ ಮುಂಚೆಯೇ ಕೇಳಿ.

ನಮಸ್ಕಾರ.