ದಾರ ಬಿಡಿಸಿದ ಚಿತ್ರ: ಒಂದು ಮಂಡಲ ಟೈ-ಡೈ ಅಂಗಿ

ನಮಸ್ಕಾರ. ಇವತ್ತು ಈ ಬಿಳಿ ಟೀ ಶರ್ಟ್ ಮೇಲೆ ಎಂಟು ಎಸಳಿನ ಮಂಡಲ ಮೂಡಿಸೋಣ. ಕುಂಚ ಬೇಡ, ಅಚ್ಚು ಬೇಡ. ಟೈ-ಡೈ, ಅಂದರೆ ಬಟ್ಟೆಯನ್ನು ದಾರದಿಂದ ಕಟ್ಟಿ ಬಣ್ಣ ಹಾಕುವ ಕಲೆ, ಅಂದ ತಕ್ಷಣ ಎಲ್ಲರ ಕಣ್ಣು ಬಣ್ಣದ ಬಾಟಲಿ ಮೇಲೆ ಹೋಗುತ್ತದೆ, ಅಲ್ವಾ? ನನ್ನ ಪ್ರಕಾರ ಅಂಗಿಯ ಅಂದ ತೀರ್ಮಾನವಾಗುವುದು ಬಾಟಲಿ ಮುಚ್ಚಳ ತೆಗೆಯುವ ಮೊದಲೇ, ದಾರ ಕಟ್ಟುವಾಗ.

ಅಂಗಿ ನೂರಕ್ಕೆ ನೂರು ಹತ್ತಿಯದಾಗಿರಲಿ. ನಾವು ಇಲ್ಲಿ ಬಳಸುವ ಬಣ್ಣವನ್ನು ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಹೊಲಿಗೆ ದಾರ ಪಾಲಿಯೆಸ್ಟರ್ ಆಗಿದ್ದರೆ ಆ ಹೊಲಿಗೆಯೂ ಬಿಳಿಯಾಗೇ ಉಳಿಯುತ್ತದೆ. ಹೊಸ ಅಂಗಿಯನ್ನು ಬಿಸಿನೀರಲ್ಲಿ ಒಗೆದು ಗಂಜಿ ತೆಗೆದುಬಿಡಿ. ಒದ್ದೆ ಇರುವಾಗಲೇ ಮಡಿಸಿದರೆ ಮಡಿಕೆ ಚೆನ್ನಾಗಿ ಕೂರುತ್ತದೆ.

ಈಗ ಇಲ್ಲಿ ನೋಡಿ. ಅಂಗಿಯನ್ನು ಉದ್ದಕ್ಕೆ ಅರ್ಧ ಮಡಿಸಿದೆ. ಮಡಿಕೆಯ ಅಂಚಲ್ಲಿ, ಎದೆಯ ಹತ್ತಿರ ಒಂದು ಚುಕ್ಕೆ ಇಟ್ಟೆ. ಅದೇ ಹೂವಿನ ನಡು. ಆ ಚುಕ್ಕೆಯಿಂದ ಬೀಸಣಿಗೆ ಮಡಿಸಿದ ಹಾಗೆ, ಹಿಂದೊಂದು ಮುಂದೊಂದು, ಎಂಟು ಪಟ್ಟಿ. ಅಂಗಿಯ ಹಿಂದು ಮುಂದು ಸೇರಿ 32 ಪದರ ಒಂದರ ಮೇಲೊಂದು ಕೂತಿವೆ. ಮೇಲಿನ ಪದರದ ಮೇಲೆ ಒಗೆದರೆ ಹೋಗುವ ಮಾರ್ಕರಿನಿಂದ ಅರ್ಧ ಎಸಳು ಬರೆಯುತ್ತೇನೆ. ಇನ್ನರ್ಧ ಪಕ್ಕದ ಮಡಿಕೆಯಲ್ಲಿ ಕನ್ನಡಿ ಹಿಡಿದಂತೆ ತಾನೇ ಬರುತ್ತದೆ.

ಇನ್ನು ನಿಜವಾದ ಕೆಲಸ. ಬರೆದದ್ದು ಬಾಗಿದ ಗೆರೆ. ದಾರ ಸುತ್ತಬೇಕಾದರೆ ಅದು ನೇರವಾಗಬೇಕು. ಹಾಗಾಗಿ ಗೆರೆಯ ಗುಂಟ ಸಣ್ಣ ಸಣ್ಣ ನೆರಿಗೆ ಹಿಡಿಯುತ್ತಾ ಹೋಗಬೇಕು. ಹೆಬ್ಬೆರಳ ಉಗುರಿಂದ ಬಟ್ಟೆ ತಳ್ಳಿ, ತೋರುಬೆರಳಿಂದ ಒತ್ತಿ, ಮತ್ತೆ ತಳ್ಳಿ. ಕೊನೆಗೆ ಗೆರೆಯೆಲ್ಲಾ ಒಂದೇ ಕಡೆ ಬಂದು ಸೇರುತ್ತದೆ. ಅಲ್ಲೇ ಮೇಣ ಹಚ್ಚಿದ ನೈಲಾನ್ ದಾರ ಸುತ್ತಿ ಎಳೆಯುವುದು. ಗಂಟು ಬೇಡ, ಮೇಣ ಇರುವುದರಿಂದ ದಾರ ಜಾರುವುದಿಲ್ಲ. ಸಡಿಲ ಬಿಟ್ಟರೆ ಪಕ್ಕದ ಬಣ್ಣ ನುಗ್ಗುತ್ತದೆ. ಬಿಗಿ ಇದ್ದರೆ ಆ ಜಾಗದಲ್ಲಿ ತೆಳ್ಳನೆ ಬಿಳಿ ಗೆರೆ ಉಳಿಯುತ್ತದೆ. ಮಂಡಲದ ಚೆಲುವೆಲ್ಲಾ ಆ ಬಿಳಿ ಗೆರೆಯಲ್ಲೇ ಇದೆ.

ಇದನ್ನು ಮಾಡುವಾಗಲೆಲ್ಲಾ ಗುಜರಾತಿನ ಕಚ್ಛ್ ಕಡೆಯ ಬಾಂಧನಿ (ಗಂಟು ಕಟ್ಟಿ ಚುಕ್ಕೆ ಮೂಡಿಸಿದ ಬಟ್ಟೆ) ಕಟ್ಟುವ ಹೆಣ್ಣುಮಕ್ಕಳು ನೆನಪಾಗುತ್ತಾರೆ. ಉಗುರ ತುದಿಯಲ್ಲಿ ಬಟ್ಟೆ ಎತ್ತಿ, ಸಾಸಿವೆಯಷ್ಟು ಸಣ್ಣ ಗಂಟುಗಳನ್ನು ಸಾವಿರಗಟ್ಟಲೆ ಕಟ್ಟುತ್ತಾರೆ. ನಮಗೆ ಹತ್ತಿರದ ಮಧುರೈಯ ಸುಂಗುಡಿ ಸೀರೆಯ ಚುಕ್ಕೆಗಳೂ ಮೂಲತಃ ಹೀಗೇ ಕೈಯಿಂದ ಕಟ್ಟಿದವು. ಅಂಥ ಸೀರೆ ಕೊಳ್ಳುವಾಗ ಚೌಕಾಸಿ ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಕಟ್ಟಿದ ಮೇಲೆ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್ ಪುಡಿ) ಕರಗಿಸಿದ ನೀರು. ನಾಲ್ಕು ಲೀಟರಿಗೆ ಒಂದು ದೊಡ್ಡ ಕಪ್. ಹರಳು ಹರಳಾದ ವಾಷಿಂಗ್ ಸೋಡಾ ಆದರೆ ಜಾಸ್ತಿ ಬೇಕು, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅರ್ಧ ಗಂಟೆ ನೆನೆಯಲಿ, ಆಮೇಲೆ ಗಟ್ಟಿಯಾಗಿ ಹಿಂಡಿ. ಕೈಗವಸು ಮರೆಯಬೇಡಿ, ಸೋಡಾ ಚರ್ಮ ಸುಡುತ್ತದೆ. ನೆನೆಸಿ ಆಮೇಲೆ ಕಟ್ಟುವವರೂ ಇದ್ದಾರೆ. ಆದರೆ ಆ ಸೋಡಾ ಬಟ್ಟೆಯನ್ನು ಅಷ್ಟು ಹೊತ್ತು ಕೈಯಲ್ಲಿ ಹಿಡಿದು ಕೂರುವುದು ಬೇಡ ಅಂತ ನಾನು ಮೊದಲು ಕಟ್ಟುತ್ತೇನೆ.

ಬಣ್ಣ ಪ್ರೋಸಿಯಾನ್ ಎಂಎಕ್ಸ್ ಜಾತಿಯ ರಿಯಾಕ್ಟಿವ್ ಡೈ. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಸೋಡಾ ಇದ್ದರೆ ಇದು ಹತ್ತಿಯ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಕುದಿಸುವ ಗೋಜಿಲ್ಲ. ಪುಡಿ ಕಲಸುವಾಗ ಮಾತ್ರ ಮಾಸ್ಕ್ ಹಾಕಲೇಬೇಕು. ಆ ಧೂಳು ಉಸಿರಿಗೆ ಹೋದರೆ ಅಲರ್ಜಿ ಶುರುವಾಗಬಹುದು.

ನಡುವಿಗೆ ಹಳದಿ, ಆಮೇಲೆ ರಾಣಿ ಪಿಂಕ್, ಹೊರಗೆ ಟರ್ಕಾಯ್ಸ್ ನೀಲಿ. ಹಳದಿಯೂ ಪಿಂಕೂ ಬೆರೆತರೆ ಕಿತ್ತಳೆ, ಪಿಂಕೂ ನೀಲಿಯೂ ಬೆರೆತರೆ ನೇರಳೆ. ಹಳದಿ ಪಕ್ಕ ನೇರಳೆ ಇಟ್ಟರೆ ಕಂದು ಬಣ್ಣದ ಕೊಚ್ಚೆ. ಸೂಜಿಮೂತಿಯ ಬಾಟಲಿಯಿಂದ ಸ್ವಲ್ಪ ಸ್ವಲ್ಪ ಬಿಡಿ, ಬೆರಳಿಂದ ಒತ್ತಿ, ತಿರುಗಿಸಿ ಇನ್ನೊಂದು ಬದಿಯಿಂದಲೂ ಬಿಡಿ. 32 ಪದರದ ಒಳಗೆ ಇಳಿಯಬೇಕಲ್ಲ! ಸುಮ್ನೆ ಮೇಲೆ ಸುರಿದರೆ ಒಳಗಿನ ಎಸಳು ಬೆಳ್ಳಗೇ ಉಳಿಯುತ್ತದೆ.

ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಂದು ದಿನ ಬೆಚ್ಚಗಿನ ಜಾಗದಲ್ಲಿ ಇಡಿ. ಟರ್ಕಾಯ್ಸ್ ನಿಧಾನಕ್ಕೆ ಹಿಡಿಯುವ ಬಣ್ಣ, ಚಳಿಗಾಲದಲ್ಲಿ ಅದಕ್ಕೆ ಇನ್ನೂ ಹೊತ್ತು ಕೊಡಿ. ಆಮೇಲೆ ಕಟ್ಟಿರುವ ಹಾಗೇ ತಣ್ಣೀರಲ್ಲಿ ಚೆನ್ನಾಗಿ ಜಾಲಾಡಿ. ಸೋಡಾ ಹೋದ ಮೇಲೆ ದಾರ ಕತ್ತರಿಸಿ. ಬಟ್ಟೆಗೆ ಕತ್ತರಿ ತಾಗದ ಹಾಗೆ ನೋಡಿಕೊಳ್ಳಿ.

ಬಿಚ್ಚಿದೆ, ನೋಡಿ. ಎಸಳುಗಳ ಸುತ್ತ ಬಿಳಿ ಗೆರೆ ಎಷ್ಟು ಚೊಕ್ಕವಾಗಿ ಬಂದಿದೆ! ಒಳಗಿನ ಮಡಿಕೆಯ ಎಸಳು ಹೊರಗಿನದಕ್ಕಿಂತ ಸ್ವಲ್ಪ ತಿಳಿಯಾಗಿದೆ. ನನಗೆ ಅದೇ ಹೆಚ್ಚು ಇಷ್ಟ. ಯಂತ್ರದ ಪ್ರಿಂಟಲ್ಲಿ ಆ ಏರಿಳಿತ ಇರುವುದಿಲ್ಲ. ಇನ್ನು ಇದನ್ನು ಬಿಸಿನೀರು, ಸೋಪಿನಲ್ಲಿ ನೀರು ತಿಳಿಯಾಗುವವರೆಗೆ ಒಗೆಯುತ್ತೇನೆ. ಮೊದಲ ಕೆಲವು ಸಲ ಬೇರೆ ಬಟ್ಟೆ ಜೊತೆ ಹಾಕಬೇಡಿ. ಮುಂದಿನ ವಿಡಿಯೋದಲ್ಲಿ ಇದೇ ಎಸಳಿನ ಒಳಗೆ ಇನ್ನೊಂದು ಸಾಲು ಎಸಳು ಕಟ್ಟೋಣ.